ಒಮ್ಮೆ ಚಾಲೂ, ಒಮ್ಮೆ ಬಂದ್: ಹಳೆಯ ಲಾರಿ ಕೊಡುವ ಎಚ್ಚರಿಕೆ

ಪೂರ್ತಿ ಕೆಟ್ಟುಹೋದ ಲಾರಿಯಿಂದ ಅಪಾಯ ಕಡಿಮೆ. ಅದು ಗ್ಯಾರೇಜಿನ ಮುಂದೆ ಬಾನೆಟ್ ತೆರೆದುಕೊಂಡು ನಿಂತಿರುತ್ತದೆ, ಅದರ ಮೇಲೆ ಯಾರೂ ಮಾಲು ಹೇರುವುದಿಲ್ಲ. ಅಂಜಬೇಕಾದದ್ದು ಮುಂಜಾನೆ ಒಂದೇ ಏಟಿಗೆ ಚಾಲೂ ಆಗಿ, ಮಧ್ಯಾಹ್ನ ಎಪಿಎಂಸಿ ಅಂಗಳದಲ್ಲಿ ‘ಟಕ್’ ಎಂದು ಸುಮ್ಮನಾಗಿ, ಅರ್ಧ ತಾಸು ಬಿಟ್ಟು ಏನೂ ಆಗಿಲ್ಲವೆಂಬಂತೆ ಮತ್ತೆ ಎದ್ದು ಕೂರುವ ಲಾರಿಗೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಕಡೆ ಹದಿನೈದು-ಇಪ್ಪತ್ತು ವರ್ಷ ದುಡಿದ 407, 1109, 1613 ಮಾದರಿಯ ಲಾರಿಗಳು, ಕ್ಯಾಂಟರ್‌ಗಳು ಇನ್ನೂ ಹೆಸರು, ಕಡಲೆ, ಹತ್ತಿ, ಗೊಬ್ಬರ ಹೊರುತ್ತಿವೆ. ಅವುಗಳ ಬಗ್ಗೆ ಕೇಳಿದರೆ ಮಾಲಕರ ಉತ್ತರ ಸಿದ್ಧವಿರುತ್ತದೆ: “ಸೆಲ್ಫ್ ಒಂದೀಟು ತ್ರಾಸ್ ಕೊಡ್ತೈತ್ರಿ, ಬಾಕಿ ಎಲ್ಲಾ ಚಲೋ ಐತಿ.” ಆದರೆ ಆ ತ್ರಾಸು ತಾನಾಗಿ ಕಡಿಮೆಯಾಗುವ ಜಾತಿಯದಲ್ಲ. ಅದು ಬೆಳೆಯುವ ದೋಷ. ಎಷ್ಟು ಬೆಳೆದಿದೆ ಎಂದು ಅಳೆಯಲೂ ಬರುತ್ತದೆ. ಅಳೆಯದೆ ಬಿಟ್ಟರೆ ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂಬುದಕ್ಕೂ ಸಾಕಷ್ಟು ಪುರಾವೆಗಳಿವೆ.

2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ನಿಂತಿದ್ದ ಲಾರಿಯ ಹಿಂಭಾಗಕ್ಕೆ ಟೆಂಪೊ ಟ್ರಾವೆಲರ್ ಬಡಿದು 13 ಜನ ಸತ್ತರು. ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕು ಎಮ್ಮೆಹಟ್ಟಿಯ ಕಡೆಯವರು. ಆ ಲಾರಿ ಸೆಲ್ಫ್ ಕೈಕೊಟ್ಟು ನಿಂತಿತ್ತೆಂದು ನಾನು ಹೇಳುತ್ತಿಲ್ಲ. ಅದು ನಿಂತ ಕಾರಣ ಇಲ್ಲಿನ ವಿಚಾರವೂ ಅಲ್ಲ. ನಿಂತ ಲಾರಿ, ಕತ್ತಲೆ, ವೇಗ ಈ ಮೂರೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕುಂದಗೋಳದ ಒಣಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋಗುವಾಗ ಹಿಡಿಯುವುದೂ ಇದೇ ಹೆದ್ದಾರಿಯನ್ನು. ಮುಂಜಾನೆ ಪೇಟೆ ಮುಟ್ಟಬೇಕೆಂದರೆ ರಾತ್ರಿಯೇ ಹೊರಡಬೇಕು.

ಲೆಕ್ಕ ಸರಳ. ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಏನೋ ನಿಂತಿದೆ ಎಂದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕಿಗೂ ಮುಂದೆ ಇನ್ನು 40 ಮೀಟರ್ ಬೇಕು. ಒಟ್ಟು 70 ದಾಟಿತು. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ಬಣ್ಣಗೆಟ್ಟ ಲಾರಿಯ ಹಲಗೆ ಕಣ್ಣಿಗೆ ಬೀಳುವುದು 40-50 ಮೀಟರ್ ದೂರದಲ್ಲಿ. ಅಂದರೆ ಚಾಲಕ ಎಷ್ಟೇ ಎಚ್ಚರವಾಗಿದ್ದರೂ, ಕುಡಿಯದಿದ್ದರೂ, ತೂಕಡಿಸದಿದ್ದರೂ ಡಿಕ್ಕಿ ತಪ್ಪುವುದಿಲ್ಲ. ಅದನ್ನು ತಪ್ಪಿಸಬಲ್ಲದ್ದು ಮುಖ್ಯವಾಗಿ ನಿಂತ ಲಾರಿಯ ಹಿಂದಿನ ದೀಪ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹಿಂದಿನಿಂದ ಬಡಿದ ಅಪಘಾತಗಳಿಗೆ ಅದರಲ್ಲಿ ದೊಡ್ಡ ಪಾಲಿದೆ.

ಸ್ಟಾರ್ಟ್ ಆಗದ ಲಾರಿಗೆ ಆ ದೀಪವೂ ಇರುವುದಿಲ್ಲ. ಇದೇ ಈ ಲೇಖನದ ತಿರುಳು. ಸೆಲ್ಫ್ ಮೋಟಾರಿಗೆ ಕರೆಂಟು ಒಯ್ಯುವ ಬ್ಯಾಟರಿಯೇ ದೀಪಕ್ಕೂ ಬೇಕು. ಚಾಸಿಯ ಮೂಲಕ ಮರಳುವ ಅರ್ತ್ ದಾರಿಯೂ ಎರಡಕ್ಕೂ ಒಂದೇ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದರೆ ಸುಮಾರು 300 ಆಂಪಿಯರ್ ಹರಿದು, ಬ್ಯಾಟರಿಯ ದಾಸ್ತಾನಿನಿಂದ 0.8 ಆಂಪಿಯರ್-ಅವರ್ ಖರ್ಚಾಗುತ್ತದೆ. ಮೊದಲೇ ಅರೆಜೀವವಾಗಿರುವ ಬ್ಯಾಟರಿ ಇಂಥ ಹತ್ತು-ಹದಿನೈದು ಯತ್ನಗಳಲ್ಲಿ ಮಲಗುತ್ತದೆ. ಆಮೇಲೆ ಡ್ರೈವರ್ ಮಾಡುವ ಮೊದಲ ಕೆಲಸ ಏನು ಗೊತ್ತೇ? ಇನ್ನೊಂದು ಸಲ ಸೆಲ್ಫ್ ಹೊಡೆಯಲಿಕ್ಕೆ ಚೂರು ಚಾರ್ಜ್ ಉಳಿಯಲಿ ಎಂದು ಎಲ್ಲ ಲೈಟು ಆರಿಸುವುದು.

ಹಾಗಾಗಿ ಈ ದೋಷವನ್ನು ಗ್ಯಾರೇಜಿನಲ್ಲಿಯೇ, ಹಗಲಿನಲ್ಲಿಯೇ ಹಿಡಿಯಬೇಕು. ಹಿಡಿಯುವುದು ಏಕೆ ಕಷ್ಟ ಎಂಬುದನ್ನು ಮೊದಲು ನೋಡೋಣ.

ಬಂದು ಹೋಗುವ ದೋಷ ಮೆಕ್ಯಾನಿಕ್ ಎದುರು ಬರುವುದಿಲ್ಲ. ಹುಬ್ಬಳ್ಳಿಗೆ ಒಯ್ದರೆ ಅಲ್ಲಿ ಹತ್ತಕ್ಕೆ ಹತ್ತು ಸಲವೂ ಚಾಲೂ ಆಗುತ್ತದೆ. ಆಗ ಊಹೆಯ ಆಟ ಶುರು. ಮೊದಲು ಹೊಸ ಬ್ಯಾಟರಿ, ತಿಂಗಳು ಬಿಟ್ಟು ಸೆಲ್ಫ್ ರಿವೈಂಡಿಂಗ್, ಆಮೇಲೆ ಕೀಲಿ ಸ್ವಿಚ್ಚು, ಕೊನೆಗೆ ಡೈನಮೊ. ಹಣ ಹೋಗುತ್ತದೆ, ದೋಷ ಇದ್ದಲ್ಲಿಯೇ ಇರುತ್ತದೆ. ಇದರಲ್ಲಿ ಹೊಸ ಬ್ಯಾಟರಿಯೇ ದೊಡ್ಡ ಮೋಸ. ಹೊಸದರ ಒಳತಡೆ ಕಡಿಮೆ, ತಳ್ಳುವ ಬಲ ಹೆಚ್ಚು; ದಾರಿಯಲ್ಲಿ ಒಂದೆರಡು ವೋಲ್ಟ್ ಸೋರಿಹೋದರೂ ಉಳಿದದ್ದರಲ್ಲಿಯೇ ಎಂಜಿನ್ ತಿರುಗುತ್ತದೆ. ಮಾಲಕ ಖುಷಿಯಾಗುತ್ತಾನೆ. ನಾಲ್ಕಾರು ತಿಂಗಳಲ್ಲಿ ಬ್ಯಾಟರಿ ಕೊಂಚ ಹಳತಾಗುತ್ತದೆ, ಅಷ್ಟರಲ್ಲಿ ಸೋರಿಕೆಯೂ ಬೆಳೆದಿರುತ್ತದೆ. ಎರಡೂ ಕೂಡಿ ತೊಂದರೆ ಮರಳುತ್ತದೆ, ಅದೂ ಸುಗ್ಗಿಯ ನಡುವೆ.

ಸೋರಿಕೆ ಎಂದರೇನೆಂದು ನವಲಗುಂದದ ರೈತನಿಗೆ ಬೇರೆ ಹೇಳಬೇಕಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಯ ಅಣೆಕಟ್ಟು ತುಂಬಿದ್ದರೂ ಬಲದಂಡೆ ಕಾಲುವೆಯ ತುದಿಯ ಹೊಲ ಒಣಗುತ್ತದೆ. ತುದಿಯ ಗೇಟು ಮುಚ್ಚಿ ನೋಡಿದರೆ ಕಾಲುವೆಯ ತುಂಬ ನಿಂತ ನೀರು ಮಟ್ಟಸವಾಗಿ ಕಾಣುತ್ತದೆ. ಗೇಟು ತೆರೆದು ಹರಿಯಬಿಟ್ಟಾಗಲೇ ಹೂಳು ಎಲ್ಲಿದೆ, ಮಟ್ಟ ಎಲ್ಲಿ ಕುಸಿಯಿತು ಎಂದು ತಿಳಿಯುವುದು. ಲಾರಿಯ ದಪ್ಪ ಕೇಬಲ್ಲಿನ ಕಥೆಯೂ ಅದೇ. ಸೆಲ್ಫ್ ಹೊಡೆಯದೆ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಸೆಲ್ಫಿನ ಬೋಲ್ಟಿನ ಮೇಲೂ 12.6 ವೋಲ್ಟ್. ಟೆಸ್ಟ್ ಲ್ಯಾಂಪ್ ಹಿಡಿದರೆ ಝಗ್ಗನೆ ಉರಿಯುತ್ತದೆ. ಕೇಬಲ್ಲಿನ ನೂರಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಆ ಪುಟ್ಟ ಬಲ್ಬಿಗೆ ಅಷ್ಟು ಸಾಕು. “ಕರೆಂಟ್ ಬರಾಕತ್ತೈತಿ, ಕೇಬಲ್ ಚಲೋ ಐತಿ” ಎಂದು ಎಲೆಕ್ಟ್ರಿಷಿಯನ್ ಎದ್ದು ಹೋಗುತ್ತಾನೆ. ಹಳ್ಳಿಯ ಗ್ಯಾರೇಜುಗಳಲ್ಲಿ ಆಗುವ ತಪ್ಪು ತಪಾಸಣೆಯ ಬೇರು ಈ ಟೆಸ್ಟ್ ಲ್ಯಾಂಪು.

ಓಮ್‌ನ ನಿಯಮ ಹಾಕಿ ನೋಡಿ. ಒಂದು ಟರ್ಮಿನಲ್ಲಿನ ಕಿಲುಬು 0.01 ಓಮ್ ತಡೆ ಒಡ್ಡಿದೆ ಎಂದುಕೊಳ್ಳಿ. ಸಾಮಾನ್ಯ ಮೀಟರಿನ ಓಮ್ ಮನೆಯಲ್ಲಿ ಅದು ಸೊನ್ನೆಯೆಂದೇ ತೋರುತ್ತದೆ. 300 ಆಂಪಿಯರ್ ಹರಿದಾಗ ಅಲ್ಲಿ ಕಳೆದುಹೋಗುವುದು 3 ವೋಲ್ಟ್. ಸೆಲ್ಫ್ ಹೊಡೆಯುವಾಗ 11 ವೋಲ್ಟಿಗೆ ಇಳಿದ ಬ್ಯಾಟರಿಯಿಂದ ಮೋಟಾರಿಗೆ ಸಿಗುವುದು 8. ಇನ್ನೊಂದು ಗುಣಾಕಾರ ಇದಕ್ಕಿಂತ ಕೆಟ್ಟದ್ದು: 3 ವೋಲ್ಟ್, 300 ಆಂಪಿಯರ್ ಎಂದರೆ 900 ವಾಟ್. ಹೆಬ್ಬೆರಳಿನಷ್ಟು ಜಾಗದಲ್ಲಿ, ಎಣ್ಣೆ-ಧೂಳು ಮೆತ್ತಿದ ಒಂದು ಬೋಲ್ಟಿನ ಬುಡದಲ್ಲಿ ಅಷ್ಟು ಕಾವು ಹುಟ್ಟುತ್ತದೆ. ಮೋಟಾರು ನಿಧಾನ ತಿರುಗುವುದರಿಂದ ಡ್ರೈವರ್ ಕೀಲಿಯನ್ನು ಇನ್ನೂ ಹೆಚ್ಚು ಹೊತ್ತು ತಿರುವಿ ಹಿಡಿಯುತ್ತಾನೆ, ಕಾವು ಇನ್ನೂ ಏರುತ್ತದೆ, ಕಾದ ಲೋಹ ಇನ್ನೂ ಆಕ್ಸೈಡಾಗುತ್ತದೆ, ತಡೆ ಇನ್ನೂ ಹೆಚ್ಚುತ್ತದೆ. ದೋಷ ಬೆಳೆಯುತ್ತದೆ ಎಂದು ಮೇಲೆ ಹೇಳಿದ್ದು ಇದನ್ನೇ. ಹಿಂದೆ ಬಿಡಿಸಿದ ಹತ್ತಿ ತುಂಬಿದ ಗಾಡಿಯಲ್ಲಿ ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಚಾಸಿಗೆ ತಾಗಿದರೆ ಏನಾದೀತೆಂದು ವಿವರಿಸುವುದು ಬೇಡ. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ಆ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸೂ ಇರುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಐನೂರು ರೂಪಾಯಿಯ ಒಳಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಸಾಕು, ಜೊತೆಗೆ ಇಬ್ಬರು ಮನುಷ್ಯರು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಎರಡೂ ಕಡೆ ಕಲ್ಲು, ಎಂಜಿನ್ ಚಾಲೂ ಆಗದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿಯಬೇಕು. ಮೀಟರ್ ಡಿಸಿ 20 ವೋಲ್ಟಿಗೆ. ಒಂದು ಮೊನೆ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಅಂದರೆ ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ನೆತ್ತಿಯ ಮೇಲೆಯೇ; ಇನ್ನೊಂದು ಮೊನೆ ಸೆಲ್ಫಿನ ದಪ್ಪ ಬೋಲ್ಟಿನ ಮೇಲೆ. ಸಂಗಾತಿ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಆಗ ಮೀಟರ್ ತೋರುವುದು ದಾರಿಯಲ್ಲಿ ಕಳೆದ ವೋಲ್ಟನ್ನು. 12 ವೋಲ್ಟ್ ಗಾಡಿಯಲ್ಲಿ ಅದು 0.5 ಮೀರಬಾರದು. ಹಾಗೆಯೇ ಬ್ಯಾಟರಿಯ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಹಿಡಿದರೆ 0.2-0.3 ಮೀರಬಾರದು. ಮೀರಿದರೆ ಮೊನೆಯನ್ನು ಒಂದೊಂದೇ ಜೋಡಣೆಗೆ ಸರಿಸುತ್ತ ಬನ್ನಿ, ಕಳ್ಳ ಸಿಗುತ್ತಾನೆ. ಸೆಲ್ಫಿಗೆ ಕರೆಂಟ್ ದಾಟಿಸುವ ಸ್ವಿಚ್ಚಾದ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಹಿಡಿದಾಗ ಅರ್ಧ ವೋಲ್ಟ್ ಕಂಡರೆ ಒಳಗಿನ ತಾಮ್ರದ ತಟ್ಟೆ ಸುಟ್ಟಿದೆ ಎಂದರ್ಥ. ಇಷ್ಟೆಲ್ಲದರ ನಡುವೆ ಬ್ಯಾಟರಿಯದೇ ವೋಲ್ಟ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅಥವಾ ಮೋಟಾರು ತಪ್ಪಿತಸ್ಥ. ದೊಡ್ಡ ಲಾರಿಗಳಲ್ಲಿ 12ರ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಅಲ್ಲಿ ಬ್ಯಾಟರಿಯ ಮಿತಿ 19ರ ಆಸುಪಾಸು, ಎರಡು ಬ್ಯಾಟರಿಗಳನ್ನು ಬೇರೆಬೇರೆಯಾಗಿಯೇ ಅಳೆಯಬೇಕು. ಒಂದು ಹೊಸದು ಒಂದು ಹಳೆಯದು ಕಟ್ಟಿಕೊಂಡ ಜೋಡಿ ಎರಡನ್ನೂ ಕೆಡಿಸುತ್ತದೆ.

ಮೀಟರಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು. ಕೀಲಿ ತಿರುವಿದಾಗ ಏನೂ ಸದ್ದಿಲ್ಲದಿದ್ದರೆ ದಪ್ಪ ಕೇಬಲ್ಲಿನ ಕಡೆ ಹೋಗುವ ಮುಂಚೆ ಕೀಲಿ ಸ್ವಿಚ್ಚು, ರಿಲೆ, ಸೊಲೆನಾಯ್ಡಿಗೆ ಬರುವ ಸಣ್ಣ ವಯರು ನೋಡಬೇಕು. ಒಂದೇ ಗಟ್ಟಿ ‘ಟಕ್’ ಆಗಿ ನಿಂತರೆ ಸೊಲೆನಾಯ್ಡ್ ಎಳೆದಿದೆ, ಆದರೆ ಸುಟ್ಟ ತಟ್ಟೆ ಕರೆಂಟ್ ದಾಟಿಸಿಲ್ಲ. ಅಥವಾ ಮೋಟಾರಿನ ಕಾರ್ಬನ್ ಬ್ರಶ್ ಸವೆದಿದೆ. ಸುತ್ತಿಗೆಯಿಂದ ಕುಟ್ಟಿದಾಗ ತಿರುಗಿತೆಂದರೆ ಹೆಚ್ಚಾಗಿ ಬ್ರಶ್ಶೇ. ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದರೆ, ಸೊಲೆನಾಯ್ಡ್ ಎಳೆದ ತಕ್ಷಣ ವೋಲ್ಟ್ ಕುಸಿದು ಅದು ಕೈಬಿಡುತ್ತಿದೆ, ಮತ್ತೆ ಎಳೆಯುತ್ತಿದೆ. ಬ್ಯಾಟರಿ ಇಳಿದಿದೆ ಇಲ್ಲವೆ ಜೋಡಣೆ ಸಡಿಲ. ಮೋಟಾರು ‘ಝುಂಯ್’ ಎಂದು ಬಿಟ್ಟಿ ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಫ್ಲೈವೀಲಿಗೆ ಕಚ್ಚುವ ಬೆಂಡಿಕ್ಸ್ ಗೇರು ಅಥವಾ ಫ್ಲೈವೀಲಿನ ಹಲ್ಲು. ಈ ಹಲ್ಲಿನ ವಿಚಾರ ಸೊಗಸಾಗಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಬಂದ್ ಆದಾಗ ಫ್ಲೈವೀಲು ಹೆಚ್ಚಾಗಿ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ, ಆರು ಸಿಲಿಂಡರಿನದು ಮೂರರಲ್ಲಿ. ವರ್ಷಗಟ್ಟಲೆ ಅಲ್ಲಿನ ಹಲ್ಲುಗಳೇ ಏಟು ತಿಂದು ಸವೆಯುತ್ತವೆ. ಗಾಡಿಯನ್ನು ಗೇರಿನಲ್ಲಿಟ್ಟು ಗೇಣುದ್ದ ದಬ್ಬಿದ ಮೇಲೆ ಚಾಲೂ ಆಯಿತೆಂದರೆ ಅದು ಪವಾಡವಲ್ಲ, ಹೊಸ ಹಲ್ಲು ಎದುರು ಬಂತು.

ಕಾದಾಗ ಮಾತ್ರ ಮೊಂಡು ಹಿಡಿಯುವ ಗಾಡಿಗಳಿಗೂ ಕಾರಣವಿದೆ. ತಾಮ್ರದ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.39 ಏರುತ್ತದೆ. ಲೋಡು ಎಳೆದು ಬಂದ ಎಂಜಿನ್ ಬಂದ್ ಮಾಡಿದ ಮೇಲೆ ಗಾಳಿಯಿಲ್ಲದೆ ಸೆಲ್ಫ್ ಇನ್ನೂ ಕಾಯುತ್ತದೆ. 60 ಡಿಗ್ರಿ ಏರಿದರೆ ಸುರುಳಿಯ ತಡೆ ಕಾಲುಭಾಗದಷ್ಟು ಹೆಚ್ಚುತ್ತದೆ. ಅಂಚಿನಲ್ಲಿ ನಿಂತಿದ್ದ ಸೊಲೆನಾಯ್ಡ್ ಆ ಕಾಲುಭಾಗಕ್ಕೇ ಸೋಲುತ್ತದೆ. ಅರ್ಧ ತಾಸಿನಲ್ಲಿ ತಣಿದು ಗೆಲ್ಲುತ್ತದೆ. ಆದ್ದರಿಂದ ಡ್ರೈವರ್ ಒಂದು ಸಣ್ಣ ವಹಿಯಲ್ಲಿ ಬರೆದಿಡಬೇಕು: ಎಷ್ಟು ಹೊತ್ತಿಗೆ, ಎಂಜಿನ್ ಕಾದಿತ್ತೋ ತಣ್ಣಗಿತ್ತೋ, ಮಳೆಯಿತ್ತೋ, ಯಾವ ಸದ್ದು ಬಂತು, ಗಾಡಿ ಏರಿನಲ್ಲಿತ್ತೋ ಇಳಿಜಾರಿನಲ್ಲೋ. ಇಂಥ ಐದಾರು ಸಾಲು ಇದ್ದರೆ ಮೆಕ್ಯಾನಿಕ್ಕಿನ ಅರ್ಧ ಊಹೆ ತಪ್ಪುತ್ತದೆ.

ನಮ್ಮ ನೆಲ ಇದಕ್ಕೆ ತನ್ನ ಕೈ ಸೇರಿಸುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಚಾಸಿಯ ಸಂದಿಗೆಲ್ಲ ಅಂಟುತ್ತದೆ, ಒಣಗುವವರೆಗೂ ವಾರಗಟ್ಟಲೆ ಹಸಿಯನ್ನು ಬೋಲ್ಟಿಗೆ ಒತ್ತಿ ಹಿಡಿದಿರುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಜವುಳು, ಸವಳು ಹೆಚ್ಚಿದ ಹೊಲಗಳ ಮಣ್ಣಿನಲ್ಲಿ ಲವಣವೂ ಸೇರಿರುತ್ತದೆ. ಜೂನಿನಲ್ಲಿ ಇದೇ ಲಾರಿಗಳು ಗೊಬ್ಬರ ಹೇರುತ್ತವೆ. ಯೂರಿಯಾ ಮಳೆಗಾಲದ ಗಾಳಿಯ ತೇವವನ್ನೇ ಹೀರಿ ನೀರಾಗುತ್ತದೆ. ಪೊಟ್ಯಾಷ್ ಎಂಬುದು ಕ್ಲೋರೈಡ್ ಉಪ್ಪು. ಗೊಬ್ಬರದಿಂದ ಹೊರಡುವ ಅಮೋನಿಯಾ ತಾಮ್ರಕ್ಕೆ ಆಗಿಬರುವುದಿಲ್ಲ. ಹಲಗೆಯ ಸಂದಿಯಿಂದ ಉದುರಿದ ಪುಡಿ ಬೀಳುವುದು ಬ್ಯಾಟರಿ ಪೆಟ್ಟಿಗೆಯ ಮೇಲೆ ಮತ್ತು ಅರ್ತ್ ಪಟ್ಟಿಯ ಮೇಲೆ. ಇದರ ಮೇಲೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬದಲು ಬೋರಿನ ಸವಳು ನೀರು ಹಾಕುವ ರೂಢಿ ಬೇರೆ. ಆ ನೀರಿನ ಕಬ್ಬಿಣ, ಕ್ಲೋರೈಡುಗಳು ಬ್ಯಾಟರಿಯನ್ನು ಒಳಗಿಂದಲೇ ಸೋರಿಸುತ್ತವೆ. ಸುಗ್ಗಿಯಿಂದ ಸುಗ್ಗಿಗೆ ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತ ಗಾಡಿಯ ಬ್ಯಾಟರಿ ಸುಮ್ಮನೆ ಇಳಿಯುತ್ತದೆ, ಇಳಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ನಿಂತ ಗಾಡಿಯ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿಳಿದರೆ ಚಾರ್ಜ್ ಮಾಡಿಸಬೇಕು.

ಅರ್ತ್ ಪಟ್ಟಿಯನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಂಜಿನ್ ರಬ್ಬರಿನ ಮೇಲೆ ಕುಳಿತಿದೆ. ಅದಕ್ಕೂ ಚಾಸಿಗೂ ನಡುವೆ ಆ ಹೆಣೆದ ತಾಮ್ರದ ಪಟ್ಟಿಯೇ ಸೇತುವೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಆಗಬೇಕು, ಎಫ್‌ಸಿಗೆ ಬಣ್ಣ ಹೊಡೆಸುತ್ತಾರೆ, ಪಟ್ಟಿ ಬಿಚ್ಚಿದವನು ಬಣ್ಣದ ಮೇಲೆಯೇ ಅದನ್ನು ಬಿಗಿಯುತ್ತಾನೆ. ಎಫ್‌ಸಿ ಪಾಸಾದ ತಿಂಗಳಲ್ಲಿ ಸೆಲ್ಫ್ ತೊಂದರೆ ಶುರುವಾಯಿತೆಂದರೆ ಮೊದಲು ಅಲ್ಲಿ ಕೆರೆದು ನೋಡಿ. ಪಟ್ಟಿ ಹೋದ ಗಾಡಿಯಲ್ಲಿ ಆ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ: ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಸ್ಪೀಡೋಮೀಟರಿನ ತಂತಿ. ಸೆಲ್ಫ್ ಹೊಡೆದಾಗ ಈ ಕೇಬಲ್ಲುಗಳು ಕೈಗೆ ಬಿಸಿ ಹತ್ತಿದರೆ ಆ ಗಾಡಿಯನ್ನು ಅಂದು ರಸ್ತೆಗೆ ಇಳಿಸಬಾರದು. ಒಳಪೊರೆ ಕರಗಿದ ಆಕ್ಸಿಲರೇಟರ್ ಕೇಬಲ್ ಒತ್ತಿದಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಹತ್ತದಿದ್ದರೆ ದಾರಿ ಬೇರೆ. ಬೆಂಗಳೂರಿನ ಮೈಕೋ ಪಂಪ್ ಇರುವ ಹಳೆಯ ಡೀಸೆಲ್ ಎಂಜಿನ್ನಿಗೆ ಒಮ್ಮೆ ಹತ್ತಿದ ಮೇಲೆ ಕರೆಂಟೇ ಬೇಡ, ಡೀಸೆಲ್ ಬಂದರೆ ಸಾಕು. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಸುಡುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಇಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಇರುವುದು ಎಳೆತ, ಒತ್ತಡವಲ್ಲ. ಹೀಗಾಗಿ ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ರಾತ್ರಿಯೆಲ್ಲ ನಿಂತಾಗ ಡೀಸೆಲ್ ಟ್ಯಾಂಕಿಗೆ ಮರಳಿ, ಮುಂಜಾನೆ ಹ್ಯಾಂಡ್ ಪಂಪ್ ಒತ್ತಿದರೆ ಮಾತ್ರ ಚಾಲೂ ಆಗುವ ಗಾಡಿಗೆ ಈ ರೋಗ. ನಡುವೆ ಒಂದು ಗೇಣು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಇಷ್ಟು ದೋಷದ ಮಾತಾಯಿತು. ಹಾನಿ ಮಾತ್ರ ಹೆಚ್ಚಾಗಿ ದೋಷದಿಂದಲ್ಲ, ಅದಕ್ಕೆ ನಾವು ಕಂಡುಕೊಂಡ ಉಪಾಯಗಳಿಂದ ಬರುತ್ತದೆ. ಆ ಹಾನಿ ಬಹಳ ಸಲ ಬೀಳುವುದು ಮಾಲಕನ ಮೇಲಲ್ಲ, ಕ್ಲೀನರ್ ಹುಡುಗನ ಮೇಲೆ.

ಮೊದಲನೆಯದು ಪಾನಾ ಹಚ್ಚುವುದು. ಕ್ಲೀನರ್ ಗಾಡಿಯ ಅಡಿ ಸೇರಿ ಸೊಲೆನಾಯ್ಡಿನ ಎರಡು ಬೋಲ್ಟುಗಳ ನಡುವೆ ಪಾನಾ ಅಥವಾ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಸೆಲ್ಫ್ ತಿರುಗಿಸುತ್ತಾನೆ. ಈ ಹಳೆಯ ಗಾಡಿಗಳಲ್ಲಿ ಗೇರು ಹಾಕಿದ್ದಾಗ ಸೆಲ್ಫ್ ತಿರುಗದಂತೆ ತಡೆಯುವ ಸ್ವಿಚ್ಚು ಇಲ್ಲ. ಮೊದಲ ಗೇರಿನಲ್ಲಿದ್ದರೆ ಎಂಜಿನ್ ಹತ್ತುವ ಮೊದಲೇ ಸೆಲ್ಫಿನ ಬಲಕ್ಕೇ ಲಾರಿ ಮುಂದೆ ಹಾರುತ್ತದೆ. ಡೀಸೆಲ್ ಎಂಜಿನ್ ಮರುಕ್ಷಣ ಹತ್ತಿಕೊಳ್ಳುತ್ತದೆ. ಹುಡುಗ ಇರುವುದು ಮುಂಚಕ್ರ, ಹಿಂಚಕ್ರಗಳ ನಡುವೆ. ಟ್ರ್ಯಾಕ್ಟರುಗಳಲ್ಲಿ ಇದೇ ರೀತಿ ಸತ್ತವರ ಪ್ರಕರಣಗಳು ಎಷ್ಟು ದಾಖಲಾದವೆಂದರೆ, ಸೀಟಿನ ಮೇಲೆ ಕುಳಿತೇ ಚಾಲೂ ಮಾಡಿ, ಗೇರಿನಲ್ಲಿದ್ದಾಗ ಮಾಡಿದರೆ ಸಾವು ಎಂಬ ಎಚ್ಚರಿಕೆಯ ಚೀಟಿಯನ್ನೇ ಕಂಪನಿಗಳು ಸೆಲ್ಫಿನ ಬಳಿ ಅಂಟಿಸತೊಡಗಿದವು, ಆ ಬೋಲ್ಟುಗಳಿಗೆ ಮುಚ್ಚಳ ಕೊಟ್ಟವು.

ಎರಡನೆಯದು ಇಳಿಜಾರು. ನವಲಗುಂದದ ಬಯಲಿನಲ್ಲಿ ಇಳಿಜಾರು ಸಿಗದೆ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸುತ್ತಾರೆ. ಕಲಘಟಗಿಯ ಕಡೆ ಮಲೆನಾಡಿನ ಸೆರಗಿನಲ್ಲಿ ಇಳುಕಲು ಹುಡುಕಿ ಚಕ್ರಕ್ಕೆ ಕಲ್ಲಿಟ್ಟು ನಿಲ್ಲಿಸುತ್ತಾರೆ. ಮುಂಜಾನೆ ಕಲ್ಲು ತೆಗೆಯುವವನೂ ಕ್ಲೀನರೇ. ಉರುಳತೊಡಗಿದ ಲಾರಿಯ ಎಂಜಿನ್ ಇನ್ನೂ ಹತ್ತಿಲ್ಲ, ಅಂದರೆ ಗಾಳಿ ತುಂಬುವ ಕಂಪ್ರೆಸರ್ ಆಗಲಿ ವ್ಯಾಕ್ಯೂಮ್ ಪಂಪ್ ಆಗಲಿ ತಿರುಗುತ್ತಿಲ್ಲ. ರಾತ್ರಿ ಸೋರಿಹೋದ ಏರ್ ಟ್ಯಾಂಕು, ಒಂದೆರಡು ಒತ್ತಿಗೆ ಕಲ್ಲಾಗುವ ಬ್ರೇಕ್ ಪೆಡಲ್ಲು, ಪವರ್ ಸ್ಟೀರಿಂಗ್ ಇದ್ದ ಗಾಡಿಯಲ್ಲಿ ಅದೂ ಬಿಗಿ. ಎಂಜಿನ್ ಹತ್ತದೇ ಹೋದರೆ ಆ ಲಾರಿಯನ್ನು ಹಿಡಿಯುವ ಬಲ ಯಾವ ಕಾಲಿಗೂ ಇಲ್ಲ.

ಮೂರನೆಯದು ಬೇರೆ ಗಾಡಿಯ ಬ್ಯಾಟರಿಯಿಂದ ವಯರ್ ಕೊಡುವುದು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ಶೇಕಡ 4 ಸೇರಿದರೂ ಕಿಡಿಗೆ ಸಿಡಿಯುತ್ತದೆ. ಸಿಡಿದದ್ದು ಗಂಧಕಾಮ್ಲ, ಅದು ಹಾರುವುದು ಬಗ್ಗಿ ನೋಡುತ್ತಿರುವವನ ಕಣ್ಣಿಗೆ. ಕೊನೆಯ ಕ್ಲಿಪ್ಪನ್ನು ಎಂದೂ ಬ್ಯಾಟರಿಯ ಮೇಲೆ ಹಾಕಬಾರದು, ದೂರದ ಎಂಜಿನ್ ಲೋಹಕ್ಕೆ ಹಾಕಬೇಕು. ಆ ಕಿಡಿ ಅಲ್ಲಿ ಹಾರಲಿ. 24 ವೋಲ್ಟಿನ ಲಾರಿಯಿಂದ 12ರ ಗಾಡಿಗೆ ವಯರ್ ಕೊಡುವುದಂತೂ ಬೇಡವೇ ಬೇಡ. ಆಸಿಡ್ ಸಿಡಿದರೆ ಕಾಲು ತಾಸಿಗಿಂತ ಕಡಿಮೆಯಿಲ್ಲದಂತೆ ನೀರು ಹುಯ್ಯುತ್ತಲೇ ಇದ್ದು ಆಸ್ಪತ್ರೆಗೆ ಓಡಬೇಕು.

ಇನ್ನು ಬಂದ್ ಮಾಡದೇ ಇರುವುದು. “ಬಂದ್ ಮಾಡಬ್ಯಾಡೋ, ಮತ್ ಹತ್ತೂದಿಲ್ಲ” ಎಂದು ಗೋದಾಮಿನ ಒಳಗೇ ತಾಸುಗಟ್ಟಲೆ ಎಂಜಿನ್ ಓಡಿಸುತ್ತಾರೆ. ಹಮಾಲರು ಅದೇ ಹೊಗೆಯಲ್ಲಿ ಚೀಲ ಹೊರುತ್ತಾರೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿಯೇ ಮೊದಲ ಗುಂಪಿಗೆ ಸೇರಿಸಿತು, ತಂಬಾಕಿನ ಹೊಗೆ ಇರುವ ಗುಂಪಿಗೆ. ಒಂದು ಕೆಟ್ಟ ಟರ್ಮಿನಲ್ಲಿನ ಬೆಲೆಯನ್ನು ಹಮಾಲರ ಶ್ವಾಸಕೋಶದಿಂದ ವಸೂಲಿ ಮಾಡುವುದು ನ್ಯಾಯವಲ್ಲ.

ಬೆಣ್ಣಿಹಳ್ಳದ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದ ತಾಲ್ಲೂಕಿನ ರಸ್ತೆಗಳನ್ನು ಮುಳುಗಿಸಿದ್ದು ಎಲ್ಲರಿಗೂ ಗೊತ್ತಿದೆ. ಎರಡು ಅಡಿ ಹರಿವ ನೀರು ಸಾಕು, ಜೀಪು-ಕಾರುಗಳನ್ನು ತೇಲಿಸಲು. ಲಾರಿ ಎತ್ತರ ಎಂದು ಇಳಿಸಿದವರ ಎಂಜಿನ್ ನಡುವೆ ಬಂದ್ ಬಿದ್ದರೆ, ಮೊದಲೇ ಸಂಶಯದ ಸೆಲ್ಫ್ ನೀರಿನಲ್ಲಿ ಮುಳುಗಿದ್ದಾಗ ಹೊಡೆಯುತ್ತದೆಂದು ನಂಬಬೇಡಿ. ಸೆಲ್ಫ್ ಇರುವುದು ಎಂಜಿನ್ನಿನ ಕೆಳಭಾಗದಲ್ಲಿ, ನೀರು ಮೊದಲು ಮುಟ್ಟುವ ಜಾಗದಲ್ಲಿ.

ಹಿಂದೆ ಹ್ಯಾಂಡಲ್ ಹಾಕಿ ತಿರುವುತ್ತಿದ್ದ ಕಾಲದಲ್ಲಿ ಎಂಜಿನ್ ಒದ್ದು ಎಷ್ಟೋ ಡ್ರೈವರುಗಳ ಮಣಿಕಟ್ಟು ಮುರಿಯುತ್ತಿತ್ತು. ಆ ಕಾಟ ತಪ್ಪಿಸಲೆಂದೇ 1912ರ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಸೆಲ್ಫ್ ಬಂತು. ಶತಮಾನ ಕಳೆದ ಮೇಲೂ ನಾವು ಅದೇ ಸೆಲ್ಫನ್ನು ಪಾನಾ ಹಚ್ಚಿ, ಕಲ್ಲು ತೆಗೆದು, ಸರಪಳಿ ಕಟ್ಟಿ ಮತ್ತೆ ಕೈಕಾಲು ಮುರಿಯುವ ಯಂತ್ರವನ್ನಾಗಿ ಮಾಡಿಕೊಂಡಿದ್ದೇವೆ. ಇದಕ್ಕೆ ಬಡತನ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಹೊಸ ಕೇಬಲ್ಲು, ಲಗ್ಗು, ಅರ್ತ್ ಪಟ್ಟಿ ಸೇರಿದರೂ ಒಂದು ಬ್ಯಾಟರಿಯ ಬೆಲೆಗೆ ಬರುವುದಿಲ್ಲ. ಅಳೆಯುವ ರೂಢಿ ಇಲ್ಲ, ಅಷ್ಟೇ.

ಮಾಲಕರಲ್ಲಿ, ಡ್ರೈವರುಗಳಲ್ಲಿ ಕೇಳಿಕೊಳ್ಳುವುದಿಷ್ಟು. ಈ ಸುಗ್ಗಿಯ ಮೊದಲ ಲೋಡಿಗೆ ಮುನ್ನ ಮೇಲಿನ ವೋಲ್ಟಿನ ಪರೀಕ್ಷೆಯನ್ನು ಒಮ್ಮೆ ಮಾಡಿಸಿ, ಅಂಕಿಯನ್ನು ವಹಿಯಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಹೋಲಿಸಿ. ಒಂದೇ ಸಲಕ್ಕೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಎರಡು ನಿಮಿಷ ತಣಿಯಲು ಬಿಡಿ. ಕೆಂಪು ಪ್ರತಿಫಲನದ ತ್ರಿಕೋನ ಎರಡು ಇರಲಿ, ಜೊತೆಗೆ ಲಾರಿಯ ಬ್ಯಾಟರಿಗೆ ಸಂಬಂಧವಿಲ್ಲದ ಒಂದು ಮಿನುಗು ದೀಪ. ಗಾಡಿ ನಿಂತರೆ ಮೊದಲು ಅವನ್ನು ನೂರು ಹೆಜ್ಜೆ ಹಿಂದೆ ಇಟ್ಟು ಬನ್ನಿ, ಆಮೇಲೆ ಬಾನೆಟ್ ತೆರೆಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿದರೆ ನೆರವು ಬರುತ್ತದೆ. ಕ್ಲೀನರ್ ಹುಡುಗನನ್ನು ಪಾನಾ ಕೊಟ್ಟು ಗಾಡಿಯ ಅಡಿ ಕಳಿಸಬೇಡಿ. 12 ವೋಲ್ಟಿನ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ಪ್ಲಸ್ ಕಡೆಯ ಮೀಟರ್ 0.5 ದಾಟಿದರೆ, ಅದು ಇಂದು ಹತ್ತು ಸಲ ಚಾಲೂ ಆಗಿದ್ದರೂ ಸರಿ, ದುರಸ್ತಿಯಾಗುವ ತನಕ ಆ ಲಾರಿಯನ್ನು ರಾತ್ರಿ ಹೆದ್ದಾರಿಗೆ ಬಿಡಬೇಡಿ.